ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ: ಜಿ2 ಎಂಬ ಪ್ರಕರಣ

2011ರ ಡಿಸೆಂಬರ್ 14ರಂದು ಯುರೋಪಿಯನ್ ಸದರ್ನ್ ಅಬ್ಸರ್ವೇಟರಿ ಒಂದು ಪತ್ರಿಕಾ ಪ್ರಕಟಣೆ ಹೊರಡಿಸಿತು. ಕಪ್ಪು ಕುಳಿಯ ಊಟ ಭರದಿಂದ ಹತ್ತಿರ ಬರುತ್ತಿದೆ ಎಂಬ ಅರ್ಥದ ತಲೆಬರಹ ಅದಕ್ಕಿತ್ತು. ಆಕಾಶಗಂಗೆಯ ನಟ್ಟನಡುವೆ ಕೂತಿರುವ ದೈತ್ಯ ಕಪ್ಪು ಕುಳಿಯ ಕಡೆಗೆ, ಭೂಮಿಯ ಮೂರರಷ್ಟು ತೂಕದ ಅನಿಲದ ಮೋಡವೊಂದು ಬೀಳುತ್ತಿತ್ತು. ಅದರ ವೇಗ ಏಳು ವರ್ಷಗಳಲ್ಲಿ ಸುಮಾರು ಎರಡು ಪಟ್ಟಾಗಿ ಗಂಟೆಗೆ 80 ಲಕ್ಷ ಕಿಲೋಮೀಟರ್ ದಾಟಿತ್ತು. 2013ರ ನಡುಭಾಗದಲ್ಲಿ ಅದು ಕುಳಿಗೆ ಅತಿ ಸಮೀಪ ಬಂದು ಚಿಂದಿಯಾಗುತ್ತದೆ, ಮುಂದಿನ ಕೆಲವು ವರ್ಷಗಳಲ್ಲಿ ಆ ಚಿಂದಿ ಕುಳಿಗೆ ಬಿದ್ದು ಸುತ್ತಲಿನ ಜಾಗ ಎಕ್ಸ್-ರೇಯಲ್ಲಿ ಬೆಳಗಬಹುದು ಎಂಬುದು ಲೆಕ್ಕಾಚಾರ. ಮೋಡಕ್ಕೆ ಜಿ2 ಎಂದು ಹೆಸರಿಟ್ಟರು.

ಇಂಥ ಘಟನೆಗೆ ಮುಂಗಡವಾಗಿ ತಾರೀಕು ಸಿಗುವುದು ಅಪರೂಪ. ಜಗತ್ತಿನ ದೊಡ್ಡ ದೊಡ್ಡ ದೂರದರ್ಶಕಗಳೆಲ್ಲ ತಮ್ಮ ವೇಳಾಪಟ್ಟಿಯಲ್ಲಿ ಜಾಗ ಬಿಟ್ಟುಕೊಂಡವು. ಪತ್ರಿಕೆಗಳು ಬಾಣಬಿರುಸಿನ ಮಾತಾಡಿದವು. 2013 ಕಳೆಯಿತು, 2014 ಕಳೆಯಿತು. ಆಗಬೇಕಾದದ್ದು ಆಗಲಿಲ್ಲ.

ಹಾಗೆ ಆಗದೆ ಹೋದದ್ದರ ತನಿಖೆಯೇ ಈ ಬರಹ. ಕಪ್ಪು ಕುಳಿ ಎಂದರೆ ಹತ್ತಿರ ಸುಳಿದದ್ದನ್ನೆಲ್ಲ ಹೀರಿ ನುಂಗುವ ರಾಕ್ಷಸ ಎಂದು ಕತೆ, ಸಿನಿಮಾಗಳು ನಮ್ಮ ತಲೆಯಲ್ಲಿ ತುಂಬಿಬಿಟ್ಟಿವೆ. ಆ ಚಿತ್ರ ಎಲ್ಲಿ ಎಡವುತ್ತದೆ ಎಂದು ಜಿ2ರಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಪ್ರಕರಣ ನನಗೆ ಗೊತ್ತಿಲ್ಲ.

ಜಾಗ ಮತ್ತು ಜನ

ಕಪ್ಪು ಕುಳಿಯ ಹೆಸರು ಸ್ಯಾಜಿಟೇರಿಯಸ್ ಎ*. ಕೊನೆಯ ಚುಕ್ಕಿಯನ್ನು 'ಸ್ಟಾರ್' ಎಂದೇ ಓದಬೇಕು. 1974ರಲ್ಲಿ ಬ್ರೂಸ್ ಬಾಲಿಕ್ ಮತ್ತು ರಾಬರ್ಟ್ ಬ್ರೌನ್ ಅಮೆರಿಕದ ಗ್ರೀನ್ ಬ್ಯಾಂಕ್‌ನಿಂದ ಇದನ್ನು ರೇಡಿಯೊ ಅಲೆಗಳಲ್ಲಿ ಪತ್ತೆ ಮಾಡಿದರು. ತೂಕ ಸುಮಾರು 43 ಲಕ್ಷ ಸೂರ್ಯರಷ್ಟು, ದೂರ ಸುಮಾರು 27,000 ಜ್ಯೋತಿರ್ವರ್ಷ. ಹಾಗಾಗಿ ಇಲ್ಲಿ ಬರುವ ಇಸವಿಗಳೆಲ್ಲ ಬೆಳಕು ನಮ್ಮನ್ನು ಮುಟ್ಟಿದ ಇಸವಿಗಳು. ಘಟನೆ ನಡೆದು ಎಷ್ಟೋ ಸಾವಿರ ವರ್ಷವಾಗಿದೆ. ಒಳಹೊಕ್ಕದ್ದು ಹೊರಬರಲಾರದ ಗಡಿಯನ್ನು ಘಟನಾ ದಿಗಂತ ಎನ್ನುತ್ತೇವಲ್ಲ, ಅದರ ತ್ರಿಜ್ಯ ಇಲ್ಲಿ ಸುಮಾರು 1.27 ಕೋಟಿ ಕಿಲೋಮೀಟರ್. ಸೂರ್ಯನಿಂದ ಬುಧನಿಗಿರುವ ದೂರದ ಕಾಲು ಭಾಗಕ್ಕೂ ಕಡಿಮೆ. ಈ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆಕಾಶದಲ್ಲಿ ಅದರ ದಿಕ್ಕು ನಮ್ಮ ಕಣ್ಣಿಗೆ ಪರಿಚಿತವೇ. ಚೇಳಿನ ಬಾಲದ ತುದಿಯಲ್ಲಿ ಮೂಲಾ ನಕ್ಷತ್ರವಿದೆ. ಅಲ್ಲಿಂದ ತುಸು ಉತ್ತರಕ್ಕೆ, ಧನು ರಾಶಿಯ ಅಂಚಿನಲ್ಲಿ ಆಕಾಶಗಂಗೆ ದಪ್ಪಗಾಗುವ ಕಡೆ. ಬೆಂಗಳೂರಿನಿಂದ ನೋಡಿದರೆ ದಕ್ಷಿಣದಲ್ಲಿ 48 ಡಿಗ್ರಿ ಎತ್ತರಕ್ಕೆ ಬರುತ್ತದೆ. ಸಂಜೆಯ ಹೊತ್ತಿಗೆ ಅದು ಚೆನ್ನಾಗಿ ಮೇಲೇರುವ ತಿಂಗಳುಗಳಲ್ಲೇ ನಮಗೆ ಮುಂಗಾರು. ಏಪ್ರಿಲ್ ಕೊನೆಯಲ್ಲಿ ಬೆಳಗಿನ ಜಾವ ಎದ್ದರೆ ಉಂಟು. ಆದರೂ ಬರಿಗಣ್ಣಿಗೆ ಕೇಂದ್ರ ಕಾಣುವುದಿಲ್ಲ. ನಡುವಿನ ಧೂಳು ಎಷ್ಟು ದಟ್ಟ ಎಂದರೆ ಅಲ್ಲಿಂದ ಹೊರಟ ಗೋಚರ ಬೆಳಕಿನ ಲಕ್ಷ ಕೋಟಿ ಕಣಗಳಲ್ಲಿ ಒಂದು ನಮ್ಮನ್ನು ತಲುಪಿದರೆ ಹೆಚ್ಚು. ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕು ಈ ಧೂಳನ್ನು ಸಾಕಷ್ಟು ದಾಟಿ ಬರುತ್ತದೆ. ಆದ್ದರಿಂದ ಈ ಪ್ರಕರಣದ ಸಾಕ್ಷ್ಯದ ಮುಖ್ಯ ಭಾಗವೆಲ್ಲ ಅವಕೆಂಪಿನದು.

ಸಾಕ್ಷಿಗಳು ಮುಖ್ಯವಾಗಿ ಎರಡು ಗುಂಪು. ಜರ್ಮನಿಯ ಗಾರ್ಶಿಂಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ರೈನ್‌ಹಾರ್ಡ್ ಗೆನ್ಸೆಲ್ ತಂಡ ಚಿಲಿ ದೇಶದ ವಿಎಲ್‌ಟಿ ದೂರದರ್ಶಕ ಬಳಸಿತು. ಲಾಸ್ ಏಂಜಲೀಸ್‌ನ ಆಂಡ್ರಿಯಾ ಗೆಜ್ ತಂಡ ಹವಾಯಿಯ ಕೆಕ್ ದೂರದರ್ಶಕ ಬಳಸಿತು. ದಶಕಗಳ ಪೈಪೋಟಿ ಇವರದು. ಕುಳಿಯ ಸುತ್ತ ಓಡುವ ನಕ್ಷತ್ರಗಳ ದಾರಿಯನ್ನು ಅಳೆದು ಅದರ ತೂಕ ಹೇಳಿದ್ದಕ್ಕೆ 2020ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ತಾರೀಕು ಜಾರಿದ ಬಗೆ

ಜಿ2ಅನ್ನು ಗುರುತಿಸಿದ್ದು ಗೆನ್ಸೆಲ್ ತಂಡದ ಸ್ಟೆಫಾನ್ ಗಿಲ್ಲೆಸೆನ್ ಮತ್ತು ಸಂಗಡಿಗರು. ಹಳೆಯ ಚಿತ್ರಗಳನ್ನು ತಿರುವಿ ಹಾಕಿದಾಗ 2002ರವರೆಗೂ ಅದರ ಜಾಡು ಸಿಕ್ಕಿತು. ವಿಚಿತ್ರ ವಸ್ತು ಅದು. 3.8 ಮೈಕ್ರಾನ್ (ಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ಮೈಕ್ರಾನ್) ತರಂಗಾಂತರದ ಅವಕೆಂಪಿನಲ್ಲಿ ಚೆನ್ನಾಗಿ ಕಾಣುತ್ತಿತ್ತು, ಇನ್ನೂ ಚಿಕ್ಕ ತರಂಗಾಂತರಕ್ಕೆ ಹೋದರೆ ಮಾಯ. ಅಂದರೆ ಅದರ ಧೂಳಿನ ಬಿಸಿ ಸುಮಾರು 280 ಡಿಗ್ರಿ ಸೆಲ್ಸಿಯಸ್ ಅಷ್ಟೇ. ನಕ್ಷತ್ರವಾಗಿದ್ದರೆ ಮೇಲ್ಮೈ ಸಾವಿರಾರು ಡಿಗ್ರಿ ಇರಬೇಕಿತ್ತು. ಜೊತೆಗೆ ಬಿಸಿ ಜಲಜನಕ ಬಿಡುವ 2.166 ಮೈಕ್ರಾನ್‌ನ ರೋಹಿತ ರೇಖೆಯೂ, ಅಂದರೆ ಆ ಒಂದೇ ತರಂಗಾಂತರದ ಹೊಳಪೂ, ಇತ್ತು. ಧೂಳು, ಅನಿಲ ಎರಡೂ ಇವೆ, ನಕ್ಷತ್ರ ಕಾಣುತ್ತಿಲ್ಲ. ಹಾಗಾದರೆ ಇದು ಮೋಡ ಎಂಬ ತೀರ್ಮಾನ ಸಹಜವಾಗಿಯೇ ಬಂತು.

ತಾರೀಕು ಮಾತ್ರ ನಿಲ್ಲಲಿಲ್ಲ. ಮೊದಲು 2013ರ ನಡುಭಾಗ ಎಂದವರು ಸೆಪ್ಟೆಂಬರ್ ಎಂದರು. ಕೆಕ್ ತಂಡ 2014ರ ಮಾರ್ಚ್ ಎಂದಿತು. ಕಾರಣ ಸೂಕ್ಷ್ಮವಾದದ್ದು. ಆ ಜಾಗದಲ್ಲಿ ನಕ್ಷತ್ರಗಳ ಸಂತೆಯೇ ಇದೆ. 3.8 ಮೈಕ್ರಾನ್ ಚಿತ್ರದಲ್ಲಿ ಜಿ2ರ ಬೆಳಕಿನ ಜೊತೆ ಅಕ್ಕಪಕ್ಕದ ಬೆಳಕೂ ಬೆರೆತು, ಅದರ ಜಾಗ ಕೂದಲೆಳೆಯಷ್ಟು ಸರಿದು ಕಾಣುತ್ತಿತ್ತು. ಜಲಜನಕದ ರೇಖೆಯಿಂದ ಜಾಗ ಅಳೆದರೆ ಕಕ್ಷೆ ಬೇರೆಯಾಗುತ್ತಿತ್ತು, ತಾರೀಕು ಮುಂದಕ್ಕೆ ಹೋಗುತ್ತಿತ್ತು. ಒಂದೇ ವಸ್ತುವಿನ ಧೂಳನ್ನು ನೋಡಿದವರಿಗೂ ಅನಿಲವನ್ನು ನೋಡಿದವರಿಗೂ ಉತ್ತರ ಬೇರೆ ಬೇರೆ ಬರುತ್ತಿದೆ ಎಂದಾಗಲೇ ಯಾರಾದರೂ ಹುಬ್ಬೇರಿಸಬೇಕಿತ್ತು. ಮುಂದೆ ಇಡೀ ಜಗಳ ನಿಂತದ್ದು ಇದೇ ಬಿರುಕಿನ ಮೇಲೆ.

ಸಂಶಯ ಎತ್ತಿದವರು ಇರಲಿಲ್ಲ ಎಂದಲ್ಲ. 2012ರಲ್ಲೇ ಖಗೋಳವಿಜ್ಞಾನಿಗಳಾದ ರೂತ್ ಮರ್ರೆ-ಕ್ಲೇ ಮತ್ತು ಆವಿ ಲೋಬ್, ಒಳಗೊಂದು ಪುಟ್ಟ ಎಳೆಯ ನಕ್ಷತ್ರ ಇರಬಹುದು, ಅದರ ಸುತ್ತ ಗ್ರಹ ಹುಟ್ಟುವ ತಟ್ಟೆ ಹರಿದು ಹೊರಚೆಲ್ಲಿದ್ದೇ ನಮಗೆ ಮೋಡದಂತೆ ಕಾಣುತ್ತಿರಬಹುದು ಎಂದು ಬರೆದಿದ್ದರು. ಪತ್ರಿಕೆಗಳಿಗೆ ಮೋಡದ ಊಟವೇ ರುಚಿಸಿತು. ಪತ್ರಿಕೆಗಳನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಊಟದ ಮಾತು ಶುರುವಾದದ್ದು ವಿಜ್ಞಾನಿಗಳ ಕಡೆಯ ಪ್ರಕಟಣೆಯಿಂದಲೇ.

2013ರ ಏಪ್ರಿಲ್: ಹುಸಿ ಕರೆ

ನಾಸಾದ ಸ್ವಿಫ್ಟ್ ಉಪಗ್ರಹ 2006ರಿಂದ ಹೆಚ್ಚುಕಡಿಮೆ ಪ್ರತಿದಿನ ಗ್ಯಾಲಕ್ಸಿಯ ಕೇಂದ್ರದತ್ತ ಒಂದಿಷ್ಟು ಹೊತ್ತು ತಿರುಗಿ ಎಕ್ಸ್-ರೇ ಎಷ್ಟಿದೆ ಎಂದು ನೋಡುತ್ತ ಬಂದಿತ್ತು. 2013ರ ಏಪ್ರಿಲ್ 24ರಂದು ಅದಕ್ಕೆ ಜೋರಾದ ಹೊಳಪೊಂದು ಕಂಡಿತು. ಜಿ2 ಬರುವ ಹೊತ್ತು, ಜಾಗವೂ ಅದೇ. ಎಲ್ಲರೂ ಏನೆಂದುಕೊಂಡಿರಬೇಕು ಎಂದು ಬೇರೆ ಹೇಳಬೇಕಿಲ್ಲ.

ಆದರೆ ಈ ಕಪ್ಪು ಕುಳಿಯ ಮಾಮೂಲಿ ಕಿಡಿಗಳು ಗಂಟೆ ಎರಡು ಗಂಟೆಯಲ್ಲಿ ಆರಿಹೋಗುತ್ತವೆ. ಇದು ಆರಲಿಲ್ಲ. ಎರಡು ದಿನ ಬಿಟ್ಟು ನುಸ್ಟಾರ್ ಎಂಬ ಇನ್ನೊಂದು ಎಕ್ಸ್-ರೇ ಉಪಗ್ರಹ ನೋಡಿದಾಗ ಆ ಬೆಳಕು 3.76 ಸೆಕೆಂಡಿಗೊಮ್ಮೆ ಏರಿ ಇಳಿಯುತ್ತಿತ್ತು, ಗಡಿಯಾರ ತಪ್ಪದೆ. ಅಲ್ಲಿಗೆ ಕಪ್ಪು ಕುಳಿ ಆರೋಪಮುಕ್ತ. ಹೀಗೆ ಲಯ ತಪ್ಪದೆ ಮಿಡಿಯಬೇಕಾದರೆ ಗಟ್ಟಿ ಮೈಯಿರಬೇಕು, ಆ ಮೈಮೇಲೆ ಬಿಸಿಯಾದ ಒಂದು ಜಾಗ ಇರಬೇಕು, ಅದು ತಿರುಗಿ ತಿರುಗಿ ನಮ್ಮೆದುರು ಬರುತ್ತಿರಬೇಕು. ಕಪ್ಪು ಕುಳಿಗೆ ಮೈಯೇ ಇಲ್ಲ. ಮಿಡಿಯುತ್ತಿದ್ದದ್ದು ಮ್ಯಾಗ್ನೆಟಾರ್, ಅಂದರೆ ಅತಿ ಬಲವಾದ ಕಾಂತಕ್ಷೇತ್ರವಿರುವ ನ್ಯೂಟ್ರಾನ್ ನಕ್ಷತ್ರ, ಸತ್ತ ದೊಡ್ಡ ನಕ್ಷತ್ರವೊಂದರ ಒತ್ತೊತ್ತಾದ ತಿರುಳು. ಸ್ವಿಫ್ಟ್‌ನ ಕಣ್ಣಿಗೆ ಅಷ್ಟು ಹತ್ತಿರದ ಎರಡು ಮೂಲಗಳನ್ನು ಬಿಡಿಸಿ ನೋಡುವ ಶಕ್ತಿ ಇರಲಿಲ್ಲ. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರು ಹೊತ್ತ ಚಂದ್ರಾ ದೂರದರ್ಶಕಕ್ಕೆ ಅದು ಇತ್ತು. ಅದು ನೋಡಿ, ಮ್ಯಾಗ್ನೆಟಾರ್ ಕುಳಿಯ ಪಕ್ಕದಲ್ಲೇ, ಆಕಾಶದಲ್ಲಿ ಅಳೆದರೆ ಜ್ಯೋತಿರ್ವರ್ಷದ ಮೂರನೇ ಒಂದರಷ್ಟು ಆಚೆಗಿದೆ ಎಂದು ತೋರಿಸಿತು.

ಈ ಹುಸಿ ಕರೆಯಿಂದ ಆದ ಲಾಭ ಸಣ್ಣದಲ್ಲ. ಜರ್ಮನಿಯ ಎಫೆಲ್ಸ್‌ಬರ್ಗ್‌ನ 100 ಮೀಟರ್ ರೇಡಿಯೊ ತಟ್ಟೆ ಅದೇ ಮ್ಯಾಗ್ನೆಟಾರಿನ ಮಿಡಿತಗಳನ್ನು ರೇಡಿಯೊದಲ್ಲಿ ಹಿಡಿಯಿತು. ಆ ಅಲೆಗಳು ಕುಳಿಯ ಸುತ್ತಲಿನ ಬಿಸಿ ಅನಿಲ ಹಾಯ್ದು ಬರುವಾಗ ಅವುಗಳ ಕಂಪನದ ದಿಕ್ಕು ತಿರುಚಿಕೊಂಡಿತ್ತು. ಎಷ್ಟು ತಿರುಚಿದೆ ಎಂದು ಅಳೆದರೆ ದಾರಿಯಲ್ಲಿನ ಕಾಂತಕ್ಷೇತ್ರದ ಬಲ ತಿಳಿಯುತ್ತದೆ. ಕುಳಿಯತ್ತ ಸಾಗುವ ಅನಿಲದಲ್ಲಿ ಬಲವಾದ ಕಾಂತಕ್ಷೇತ್ರವಿದೆ ಎಂದು ಅದೇ ವರ್ಷ ನೇಚರ್ ಪತ್ರಿಕೆಯಲ್ಲಿ ವರದಿಯಾಯಿತು. ಜಿ2ಗಾಗಿ ಅಷ್ಟು ಕಣ್ಣುಗಳು ಆ ಕಡೆ ತೆರೆದಿರದಿದ್ದರೆ ಎರಡೇ ದಿನದಲ್ಲಿ ಕಳ್ಳನ ಗುರುತು ಹತ್ತುತ್ತಿರಲಿಲ್ಲ.

ಹಾದುಹೋದದ್ದು

ಅದೇ ಏಪ್ರಿಲ್‌ನಲ್ಲಿ ವಿಎಲ್‌ಟಿ ಜಿ2 ಮೇಲೆ ಒಟ್ಟು 20 ಗಂಟೆಗೂ ಮಿಕ್ಕಿ ಕಣ್ಣಿಟ್ಟು ಪಡೆದ ದೃಶ್ಯ ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿನದು. ಅದು ಫೋಟೊ ಅಲ್ಲ. ಒಂದು ಬದಿಗೆ ಜಾಗ, ಇನ್ನೊಂದು ಬದಿಗೆ ವೇಗ ಇಟ್ಟು ಬರೆದ ನಕ್ಷೆ. ಹಿಂದಿನ ವರ್ಷಗಳ ನಕ್ಷೆಗಳಲ್ಲಿ ಜಿ2 ಒಂದು ಪುಟ್ಟ ಮಚ್ಚೆ. 2013ರಲ್ಲಿ ಆ ಮಚ್ಚೆ ಉದ್ದವಾದ ಗೆರೆಯಾಗಿ ಎಳೆದುಕೊಂಡಿದೆ. ಗೆರೆಯ ಹಿಂತುದಿ ಇನ್ನೂ ನಮ್ಮಿಂದ ದೂರ ಸರಿಯುತ್ತ ಕುಳಿಯತ್ತ ಬೀಳುತ್ತಿದೆ. ಮುಂತುದಿ ಆಗಲೇ ಕುಳಿಗೆ ಅತಿ ಸಮೀಪದ ತಿರುವು ದಾಟಿ, ಗಂಟೆಗೆ ಒಂದು ಕೋಟಿ ಕಿಲೋಮೀಟರ್ ಮೀರಿದ ವೇಗದಲ್ಲಿ, ಬೆಳಕಿನ ವೇಗದ ನೂರನೇ ಒಂದರಷ್ಟರಲ್ಲಿ, ನಮ್ಮ ಕಡೆ ಬರುತ್ತಿದೆ. ಅನಿಲ 16,000 ಕೋಟಿ ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹರಡಿತ್ತು. ಗುರುತ್ವ ಏನು ಮಾಡಬೇಕೆಂದು ಹೇಳಿದ್ದರೋ ಅದನ್ನು ಚಾಚೂ ತಪ್ಪದೆ ಮಾಡಿತ್ತು. ಹರಿದದ್ದು ಹೊಟ್ಟೆಗೆ ಹೋಗುತ್ತದೆಯೇ ಎಂಬುದಷ್ಟೇ ಬಾಕಿ.

ಜಿ2ರ ನಡುಭಾಗ 2014ರ ವಸಂತದಲ್ಲಿ ತಿರುವು ದಾಟಿತು. ನ್ಯೂ ಮೆಕ್ಸಿಕೊದ ವಿಎಲ್‌ಎ ರೇಡಿಯೊ ತಟ್ಟೆಗಳು ತಿಂಗಳುಗಟ್ಟಲೆ ಕಾದವು. ಎಕ್ಸ್-ರೇ ಉಪಗ್ರಹಗಳೂ ಕಾದವು. ಸ್ಯಾಜಿಟೇರಿಯಸ್ ಎ* ಎಂದಿನಂತೆ ಮಿಣಮಿಣ ಅನ್ನುತ್ತಿತ್ತು.

ಯಾಕೆ ನುಂಗಲಿಲ್ಲ?

ಮೊದಲ ಉತ್ತರ ದೂರ. ಜಿ2 ಅತಿ ಸಮೀಪ ಬಂದದ್ದು ಸುಮಾರು 2,500 ಕೋಟಿ ಕಿಲೋಮೀಟರಿಗೆ. ದಿಗಂತದ ತ್ರಿಜ್ಯ 1.27 ಕೋಟಿ ಎಂದೆವಲ್ಲ. ಅಂದರೆ ಸಮೀಪ ಎಂದು ನಾವು ಕರೆದದ್ದು ದಿಗಂತದ ಸುಮಾರು 2,000 ಪಟ್ಟು ಆಚೆ. 1977ರಲ್ಲಿ ಹೊರಟ ವಾಯೇಜರ್ 1 ಇಷ್ಟು ವರ್ಷ ಓಡಿ ಈಗ ನಮ್ಮಿಂದ ಇರುವುದು ಹೆಚ್ಚುಕಡಿಮೆ ಅಷ್ಟು ದೂರದಲ್ಲಿ. ಎಸ್2 ಎಂಬ ನಕ್ಷತ್ರ ಇದಕ್ಕಿಂತ ಹತ್ತಿರ, 2,000 ಕೋಟಿ ಕಿಲೋಮೀಟರಿಗೂ ಒಳಗೆ, 16 ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ. 2002ರಲ್ಲಿ ಬಂತು, 2018ರ ಮೇ ತಿಂಗಳಲ್ಲಿ ಗಂಟೆಗೆ ಸುಮಾರು ಎರಡೂವರೆ ಕೋಟಿ ಕಿಲೋಮೀಟರ್ ವೇಗದಲ್ಲಿ ಬಂದು ಐನ್‌ಸ್ಟೈನ್ ಲೆಕ್ಕವನ್ನು ಸರಿ ಎನ್ನಿಸಿ ಹೋಯಿತು, 2034ರಲ್ಲಿ ಮತ್ತೆ ಬರುತ್ತದೆ. ಅದಕ್ಕೆ ಏನೂ ಆಗುವುದಿಲ್ಲ.

ಎರಡನೆಯದು, ನನ್ನ ಪ್ರಕಾರ ಮುಖ್ಯವಾದದ್ದು, ಕೋನೀಯ ಸಂವೇಗ, ಅಂದರೆ ವಸ್ತುವಿನ ಸುತ್ತುಗತಿ. ಕಪ್ಪು ಕುಳಿ ಹೀರುವುದಿಲ್ಲ. ಬೇರೆಲ್ಲ ತೂಕದ ವಸ್ತುಗಳಂತೆ ಸೆಳೆಯುತ್ತದೆ ಅಷ್ಟೇ. ಪಕ್ಕದಿಂದ ರಭಸವಾಗಿ ಬರುವ ವಸ್ತು ಆ ಸೆಳೆತಕ್ಕೆ ಬಾಗಿ ಸುತ್ತು ಹಾಕುತ್ತದೆ, ಒಳಗೆ ಬೀಳುವುದಿಲ್ಲ. ಜಾತ್ರೆಯ ಮರಣಬಾವಿಯಲ್ಲಿ ಬೈಕ್ ಓಡಿಸುವವನು ಗೋಡೆಯಿಂದ ಜಾರಬೇಕಾದರೆ ಮೊದಲು ವೇಗ ಕಳೆದುಕೊಳ್ಳಬೇಕು. ಜಿ2ರ ಅನಿಲವೂ ಹಾಗೇ: ಒಳಗೆ ಬೀಳಬೇಕಾದರೆ ತನ್ನ ಸುತ್ತುಗತಿಯನ್ನು ಯಾರಿಗಾದರೂ ಒಪ್ಪಿಸಬೇಕು. ಒಪ್ಪಿಸುವುದು ಸುತ್ತಲಿನ ಅನಿಲಕ್ಕೆ ಉಜ್ಜಿಕೊಂಡು, ಕಾಂತಕ್ಷೇತ್ರದ ಎಳೆತಕ್ಕೆ ಸಿಕ್ಕಿ. ಆದರೆ ಅಲ್ಲಿ ಸುತ್ತಲಿನ ಅನಿಲ ತೀರಾ ವಿರಳ. ಒಂದು ಭಾಗ ಸಿಕ್ಕಿಬಿದ್ದರೂ ಅದು ಸುರುಳಿ ಸುತ್ತಿ ದಿಗಂತ ಮುಟ್ಟಲು ವರ್ಷಗಳೇ ಬೇಕಾಗಬಹುದು.

ಮೂರನೆಯದು ಈ ಕುಳಿಯ ಜಾಯಮಾನ. ಇದಕ್ಕೆ ಮೇವು ಸಿಗುವುದು ಹತ್ತಿರದ ಸುಮಾರು 30 ಭಾರೀ ನಕ್ಷತ್ರಗಳು ಉಗುಳುವ ಗಾಳಿಯಿಂದ. 2013ರಲ್ಲಿ ಚಂದ್ರಾ ದೂರದರ್ಶಕ ದೀರ್ಘಕಾಲ ನೋಡಿ ಕೊಟ್ಟ ಲೆಕ್ಕದಂತೆ, ಕುಳಿಯ ಹಿಡಿತಕ್ಕೆ ಬಂದ ಅನಿಲದಲ್ಲಿ ನೂರಕ್ಕೆ ಒಂದು ಪಾಲೂ ದಿಗಂತ ಮುಟ್ಟುವುದಿಲ್ಲ. ಉಳಿದದ್ದು ಬಿಸಿಯಾಗಿ ಮತ್ತೆ ಹೊರಗೆ ಹೋಗುತ್ತದೆ. ಇಂಥ ಅರೆಹೊಟ್ಟೆಯ ಕುಳಿಯ ಮುಂದೆ ತಟ್ಟೆ ಇಟ್ಟು, ಈಗಲೇ ತಿನ್ನುತ್ತದೆ ನೋಡಿ ಎಂದರೆ ಹೇಗೆ?

ಇಷ್ಟಾಗಿಯೂ ಒಂದು ಪ್ರಶ್ನೆ ಉಳಿಯುತ್ತದೆ. ಮೂರು ಭೂಮಿಯಷ್ಟು ಬಿಡಿ ಅನಿಲ ಅಲ್ಲಿ ಇತ್ತೇ?

ಮೋಡವೋ, ಒಳಗೊಂದು ನಕ್ಷತ್ರವೋ

2014ರಲ್ಲಿ ಕೆಕ್ ತಂಡ ತಿರುವಿನ ವೇಳೆಯ 3.8 ಮೈಕ್ರಾನ್ ಚಿತ್ರಗಳನ್ನು ಪ್ರಕಟಿಸಿತು. ಧೂಳಿನ ಬೆಳಕು ಒಂದಿಷ್ಟೂ ಕುಗ್ಗಿರಲಿಲ್ಲ, ಹರಡಿಯೂ ಇರಲಿಲ್ಲ. ಬರೀ ಮೋಡವಾಗಿದ್ದರೆ ಧೂಳೂ ಅನಿಲದ ಜೊತೆ ಎಳೆದುಕೊಂಡು ಮಸುಕಾಗಬೇಕಿತ್ತು. ಹಾಗಾಗಿ ಒಳಗೆ ನಕ್ಷತ್ರವಿದೆ, ಅದರ ಗುರುತ್ವವೇ ಧೂಳನ್ನು ಹಿಡಿದಿಟ್ಟಿದೆ ಎಂಬುದು ಅವರ ವಾದ. ಲೆಕ್ಕ ಹಾಕಿ ನೋಡಬಹುದು: ಎರಡು ಸೂರ್ಯರಷ್ಟು ತೂಕದ ನಕ್ಷತ್ರ ಅಷ್ಟು ದೂರದಲ್ಲಿ ಕುಳಿಯ ಎಳೆತಕ್ಕೆ ಎದುರಾಗಿ ತನ್ನ ಸುತ್ತ ಹಿಡಿದಿಟ್ಟುಕೊಳ್ಳಬಲ್ಲದ್ದು ಸರಿಸುಮಾರು ಸೂರ್ಯನಿಂದ ಭೂಮಿಗಿರುವ ದೂರದೊಳಗಿನದನ್ನು ಮಾತ್ರ. ಅದರಾಚೆಗಿನ ಸಡಿಲ ಅನಿಲ ಹರಿದು ಹೋಗುತ್ತದೆ. ವಿಎಲ್‌ಟಿಗೆ ಉದ್ದನೆಯ ಗೆರೆಯಾಗಿ ಕಂಡದ್ದು ಅದೇ ಇರಬಹುದು. ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಿದ್ದು, ಕುಳಿಯ ಎಳೆದಾಟಕ್ಕೆ ಡಿಕ್ಕಿ ಹೊಡೆದು ಒಂದಾಗಿ, ಉಬ್ಬಿ, ಧೂಳು ಹೊದ್ದು ಕೂತಿರುವುದೇ ಜಿ2 ಎಂದು ಗೆಜ್ ತಂಡ ಹೇಳಿತು.

ಕಲೋನ್ ನಗರದ ಆಂಡ್ರಿಯಾಸ್ ಎಕಾರ್ಟ್ ತಂಡವೂ 2015ರಲ್ಲಿ ವಿಎಲ್‌ಟಿಯನ್ನೇ ಬಳಸಿ, ಜಿ2 ತಿರುವಿನ ಮುಂಚೆಯೂ ಆಮೇಲೂ ಒತ್ತಾಗಿಯೇ ಇತ್ತು, ಒಳಗೆ ಎಳೆಯ ನಕ್ಷತ್ರವಿರಬೇಕು ಎಂದಿತು. ಗಾರ್ಶಿಂಗ್ ತಂಡ ಒಪ್ಪಲಿಲ್ಲ. 13 ವರ್ಷ ಮುಂಚೆ ಜಿ1 ಎಂಬ ಇಂಥದೇ ವಸ್ತು ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಹೋಗಿತ್ತು, ಎರಡೂ ಒಂದೇ ಅನಿಲದ ಹರಿವಿನ ಗಂಟುಗಳು ಎಂಬುದು ಅವರ ನಿಲುವು. 2021ರಲ್ಲಿ ಕಲೋನ್‌ನವರು ಇನ್ನೂ ಮುಂದೆ ಹೋಗಿ, ಅಲ್ಲಿರುವುದು ಒಂದಲ್ಲ, ಮೂರು ಎಳೆಯ ನಕ್ಷತ್ರಗಳು ಎಂದರು.

ಯಾರು ಗೆದ್ದರು ಎಂದು ಕೇಳಿದರೆ, ಧೂಳಿನ ಸಾಕ್ಷ್ಯ ನನಗೆ ಹೆಚ್ಚು ತೂಕದ್ದು ಎನಿಸುತ್ತದೆ. ಅನಿಲ ಹರಿದದ್ದು ನಿಜ, ಆದರೆ ಒಳಗೊಂದು ಗಟ್ಟಿ ಇದ್ದರೂ ಹೊರಗಿನ ಅನಿಲ ಹರಿಯುತ್ತದೆ. ಗಟ್ಟಿ ಏನೂ ಇಲ್ಲದಿದ್ದರೆ ಧೂಳು ಬದಲಾಗದೆ ಉಳಿದದ್ದಕ್ಕೆ ಕಾರಣ ಹುಡುಕುವುದು ಕಷ್ಟ. ಹಾಗೆಂದು, ಜಿ1, ಜಿ2 ಎರಡರದೂ ಒಂದೇ ದಾರಿ ಎಂಬ ಗಾರ್ಶಿಂಗ್ ವಾದವನ್ನೂ ಸುಲಭಕ್ಕೆ ತಳ್ಳಿಹಾಕುವಂತಿಲ್ಲ.

ಆಮೇಲಿನ ಜಾಡು

ಏನೂ ಆಗಲಿಲ್ಲ ಎಂದು ಕಡತ ಮುಚ್ಚಿದರೆ ಪೂರ್ತಿ ಸರಿಯಾಗದು. 2013ರ ಸೆಪ್ಟೆಂಬರ್ 14ರಂದು ಚಂದ್ರಾ ಮಾಮೂಲಿಗಿಂತ 400 ಪಟ್ಟು ಜೋರಿನ ಎಕ್ಸ್-ರೇ ಕಿಡಿ ಕಂಡಿತು; 2014ರ ಅಕ್ಟೋಬರ್ 20ರಂದು 200 ಪಟ್ಟಿನ ಇನ್ನೊಂದು. ಮೊದಲನೆಯದು ಜಿ2 ಇದ್ದ ಜಾಗಕ್ಕಿಂತ ನೂರು ಪಟ್ಟು ಕುಳಿಗೆ ಹತ್ತಿರ ಹುಟ್ಟಿದ್ದು ಎಂಬ ಲೆಕ್ಕದ ಮೇಲೆ ಅದಕ್ಕೂ ಜಿ2ಗೂ ನಂಟಿಲ್ಲ ಎಂದರು. ಆದರೆ 15 ವರ್ಷಗಳ ಎಕ್ಸ್-ರೇ ದಾಖಲೆ ಒಟ್ಟಿಗೆ ಇಟ್ಟು ನೋಡಿದವರಿಗೆ, 2014ರ ಆಗಸ್ಟ್‌ನಿಂದ ಜೋರಾದ ಕಿಡಿಗಳು ಹೆಚ್ಚಿದ್ದು ಕಂಡಿತು. ಜಿ2 ದಾಟಿ ಕೆಲವೇ ತಿಂಗಳು. ನಂಟೋ ಕಾಕತಾಳೀಯವೋ, ಒಂದೇ ಘಟನೆಯಿಂದ ಹೇಳಲಾಗದು.

2019ರ ಮೇ 13ರ ರಾತ್ರಿ ಕೆಕ್‌ನಲ್ಲಿ ಕಂಡದ್ದು ಇನ್ನೂ ಸೋಜಿಗ. ಆ ರಾತ್ರಿಯ ಮೊದಲ ಚಿತ್ರದಲ್ಲಿ ಕುಳಿ ಎಷ್ಟು ಹೊಳೆಯುತ್ತಿತ್ತೆಂದರೆ ಗೆಜ್ ತಂಡದ ಟುವಾನ್ ಡೊ ಅದನ್ನು ಮೊದಲು ಎಸ್2 ನಕ್ಷತ್ರವೆಂದೇ ತಿಳಿದರು. ಎರಡು ಗಂಟೆಯ ಒಳಗೆ ಅವಕೆಂಪು ಹೊಳಪು 75 ಪಟ್ಟು ಏರುಪೇರಾಯಿತು. ಹಿಂದಿನ ಯಾವ ದಾಖಲೆಯಲ್ಲೂ ಅಷ್ಟು ಹೊಳಪಿರಲಿಲ್ಲ. 2014ರಲ್ಲಿ ಜಿ2 ಬಿಟ್ಟುಹೋದ ಅನಿಲ ಈಗ ತಡವಾಗಿ ತಲುಪಿರಬಹುದೇ ಎಂಬುದು ಅವರ ತಂಡ ಮುಂದಿಟ್ಟ ಊಹೆಗಳಲ್ಲಿ ಒಂದು.

2020ರ ಜನವರಿಯಲ್ಲಿ ಗೆಜ್ ತಂಡ ಜಿ3ರಿಂದ ಜಿ6ರವರೆಗೆ ಇನ್ನೂ ನಾಲ್ಕನ್ನು ಪಟ್ಟಿಗೆ ಸೇರಿಸಿತು. ಅನಿಲದಂತೆ ಕಂಡು ನಕ್ಷತ್ರದಂತೆ ನಡೆದುಕೊಳ್ಳುವ ವಸ್ತುಗಳು, ಒಂದು ಸುತ್ತಿಗೆ ನೂರರಿಂದ ಸಾವಿರಕ್ಕೂ ಹೆಚ್ಚು ವರ್ಷ. ಜೋಡಿ ನಕ್ಷತ್ರಗಳು ಬೆಸೆದು ಇಂಥವಾಗುತ್ತವೆ ಎಂದರೆ, ಇನ್ನೂ ಬೆಸೆಯದ ಜೋಡಿಯೊಂದಾದರೂ ಅಲ್ಲಿ ಸಿಗಬೇಕಲ್ಲ ಎಂಬ ಆಕ್ಷೇಪ ಇದ್ದೇ ಇತ್ತು. 2024ರ ಡಿಸೆಂಬರ್‌ನಲ್ಲಿ ಕಲೋನ್‌ನ ಫ್ಲೋರಿಯನ್ ಪೈಸ್ಕರ್ ತಂಡ ಅಂಥದೊಂದನ್ನು ತೋರಿಸಿತು: ಡಿ9, ಸುಮಾರು 27 ಲಕ್ಷ ವರ್ಷ ಪ್ರಾಯದ ಜೋಡಿ, ದೈತ್ಯ ಕಪ್ಪು ಕುಳಿಯೊಂದರ ಬಳಿ ಸಿಕ್ಕ ಮೊದಲನೆಯದು. ಕುಳಿಯ ಎಳೆತಕ್ಕೆ ಸಿಕ್ಕು ಇನ್ನು 10 ಲಕ್ಷ ವರ್ಷದೊಳಗೆ ಆ ಎರಡೂ ಒಂದಾಗಬಹುದು ಎಂದು ಅವರ ಅಂದಾಜು.